ಬೇರೆ ನಂಬಿಕೆಯವರ ಮಂಚದ ಪಕ್ಕ

ಆಸ್ಪತ್ರೆಗೆ ಸೇರಿಸುವಾಗ ತುಂಬುವ ಫಾರ್ಮಿನಲ್ಲಿ ಹಲವು ಕಡೆ ಧರ್ಮಕ್ಕೂ ಒಂದು ಕಾಲಂ ಇರುತ್ತದೆ. ಕೌಂಟರಿನವರು ಅದನ್ನು ಬಾಯಿಬಿಟ್ಟು ಕೇಳುವುದು ಅಪರೂಪ. ಹೆಸರು ನೋಡಿ ತುಂಬಿಬಿಡುತ್ತಾರೆ. ಕಡತಕ್ಕೆ ಅಷ್ಟು ಸಾಕು, ಆರೈಕೆಗೆ ಸಾಲದು. ಹಿಂದೂ ಎಂದು ಬರೆಸಿಕೊಂಡವರು ಎದೆಯ ಮೇಲೆ ಇಷ್ಟಲಿಂಗ ಧರಿಸಿದ ಲಿಂಗಾಯತರಿರಬಹುದು, ಏಕಾದಶಿಯ ದಿನ ನೀರನ್ನೂ ಮುಟ್ಟದ ಮಾಧ್ವರಿರಬಹುದು, ದೇವಸ್ಥಾನಕ್ಕಿಂತ ದೈವಸ್ಥಾನಕ್ಕೆ ಹೆಚ್ಚು ಅಂಜುವ ತುಳುನಾಡಿನವರಿರಬಹುದು. ಮುಸ್ಲಿಮರಲ್ಲಿ ದರ್ಗಾಕ್ಕೆ ಚಾದರ ಹೊದಿಸುವವರೂ ಇದ್ದಾರೆ, ಅದು ಸಲ್ಲದು ಎನ್ನುವವರೂ ಇದ್ದಾರೆ. ಮಂಗಳೂರಿನ ಕಥೋಲಿಕ ಅಜ್ಜಿಯ ಕೈಗೆ ಜಪಸರ ಕೊಟ್ಟರೆ ಕಣ್ಣಿಗೊತ್ತಿಕೊಳ್ಳುತ್ತಾರೆ. ಅದನ್ನೇ ಪೆಂತೆಕೋಸ್ತ್ ಸಭೆಯವರಿಗೆ ಕೊಟ್ಟರೆ ಅವರಿಗೆ ಇರುಸುಮುರುಸು. ಇನ್ನು, ಕುಂಕುಮವಿಟ್ಟ ಹೆಂಗಸಿನ ತೋಳಿನಲ್ಲಿ ದರ್ಗಾದಿಂದ ತಂದ ತಾಯಿತ ಇರುವುದು ನಮ್ಮ ನಾಡಿನಲ್ಲಿ ಯಾರಿಗೂ ಅಚ್ಚರಿಯ ಸಂಗತಿಯಲ್ಲ.

ಹಾಗಾಗಿ ಬೇರೆ ನಂಬಿಕೆಯ ರೋಗಿಯನ್ನು ನೋಡಿಕೊಳ್ಳುವಾಗ ಆ ಧರ್ಮದ ಬಗ್ಗೆ ನಮಗೆ ಗೊತ್ತಿಲ್ಲದಿರುವುದು ದೊಡ್ಡ ತೊಡಕೇನಲ್ಲ. ಗೊತ್ತಿದೆ ಎಂದುಕೊಳ್ಳುವುದು ತೊಡಕು. ಗೊತ್ತಿಲ್ಲದವರು ಕೇಳುತ್ತಾರೆ, ಗೊತ್ತಿದ್ದವರು ಕೇಳುವುದಿಲ್ಲ.

ಕೇಳುವುದರ ಬೆಲೆ ತೋರಿಸುವ ಒಂದು ಹಳೆಯ ಕಥೆ ಇದೆ. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದು, ವಾಸಿಯಾಗದ ಕಾಯಿಲೆಯವರ ಸಂಕಟ ತಗ್ಗಿಸುವ ಇವತ್ತಿನ ಉಪಶಾಮಕ ಆರೈಕೆಗೆ ದಾರಿ ಹಾಕಿದವರು ಸಿಸಿಲಿ ಸಾಂಡರ್ಸ್. ಮೊದಲು ನರ್ಸ್, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಕೊನೆಗೆ ವೈದ್ಯೆಯಾದ ಅವರದು ಗಾಢವಾದ ಕ್ರೈಸ್ತ ನಂಬಿಕೆ. ಅವರ ಬದುಕಿಗೆ ತಿರುವು ಕೊಟ್ಟವನು ಡೇವಿಡ್ ತಾಸ್ಮಾ ಎಂಬ ಪೋಲೆಂಡಿನ ಯಹೂದಿ ನಿರಾಶ್ರಿತ. 1948ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ. ಸಮಾಧಾನವಾಗುವಂಥದ್ದು ಏನಾದರೂ ಹೇಳು ಎಂದು ಅವನು ಕೇಳಿದಾಗ ಸಾಂಡರ್ಸ್ ಬಾಯಿಪಾಠವಿದ್ದ ಕೀರ್ತನೆಯೊಂದನ್ನು ಹೇಳಿದರು. ಬೈಬಲಿನ ಆ ಕೀರ್ತನೆಗಳು ಯಹೂದಿಗಳಿಗೂ ಪವಿತ್ರ, ಹಾಗಾಗಿ ಇಬ್ಬರಿಗೂ ಸಲ್ಲುತ್ತಿತ್ತು. ಪುಸ್ತಕ ತಂದು ಇನ್ನಷ್ಟು ಓದಲೇ ಎಂದಾಗ ಅವನು ಬೇಡವೆಂದ. ಆಕೆಯ ಮನಸ್ಸಿನಲ್ಲಿ ಇರುವುದಷ್ಟೇ ಅವನಿಗೆ ಬೇಕಿತ್ತು. ಸಾಯುವ ಮುಂಚೆ 500 ಪೌಂಡ್ ಬಿಟ್ಟುಹೋದ, ನೀನು ಕಟ್ಟುವ ಮನೆಗೆ ಇದರಲ್ಲಿ ಒಂದು ಕಿಟಕಿಯಾಗಲಿ ಎಂದು. ಕ್ಯಾನ್ಸರ್ ರೋಗಿಯ ನೋವು ಮೈಗೆ ಮಾತ್ರ ಸೇರಿದ್ದಲ್ಲ, ಮನಸ್ಸು, ಸಂಸಾರ, ನಂಬಿಕೆ ಎಲ್ಲ ಸೇರಿಯೇ ಒಟ್ಟು ನೋವು ಎಂದು ಸಾಂಡರ್ಸ್ ಮುಂದೆ ಬರೆದರು. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಉಪಶಾಮಕ ಆರೈಕೆಗೆ ಕೊಟ್ಟ ವ್ಯಾಖ್ಯೆಯಲ್ಲಿ ಆಧ್ಯಾತ್ಮಿಕ ಸಂಕಟವೂ ಸೇರಿದೆ.

ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಆಧ್ಯಾತ್ಮಿಕ ಆರೈಕೆಗೆಂದೇ ಬೇರೆ ಬೇರೆ ಧರ್ಮದ ಚಾಪ್ಲೆನ್‌ಗಳಿದ್ದಾರೆ. ನಮ್ಮ ಕಡೆ ವೆಲ್ಲೂರಿನ ಸಿಎಂಸಿಯಂಥ ಮಿಷನ್ ಆಸ್ಪತ್ರೆಗಳಲ್ಲಿ ಆ ವ್ಯವಸ್ಥೆಯಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ, ಬಡಾವಣೆಯ ನರ್ಸಿಂಗ್ ಹೋಮಿನಲ್ಲಿ ಅದನ್ನೆಲ್ಲಿ ಹುಡುಕುವುದು? ಅಲ್ಲಿ ಆ ಕೆಲಸ ರಾತ್ರಿ ಪಾಳಿಯ ಸಿಸ್ಟರ್ ಮೇಲೆ, ಆಯಾ ಮೇಲೆ, ಮನೆಯಲ್ಲಾದರೆ ಹೋಮ್ ನರ್ಸ್ ಮೇಲೆ, ಕೆಲವೊಮ್ಮೆ ಪಕ್ಕದ ಮಂಚದ ರೋಗಿಯ ಜೊತೆಗೆ ಬಂದವರ ಮೇಲೆ ಬೀಳುತ್ತದೆ. ಈ ಲೇಖನ ಅವರಿಗಾಗಿ.

ಕೇಳುವುದು ಹೇಗೆ

ಅಮೆರಿಕದ ವೈದ್ಯೆ ಕ್ರಿಸ್ಟೀನಾ ಪುಚಾಲ್ಸ್ಕಿ 1990ರ ದಶಕದಲ್ಲಿ ಇದಕ್ಕೊಂದು ಚೌಕಟ್ಟು ಮಾಡಿಕೊಟ್ಟರು. ರೋಗಿ ಏನನ್ನು ನಂಬಿದ್ದಾರೆ, ಅದು ಅವರಿಗೆ ಎಷ್ಟು ಮುಖ್ಯ, ಅವರ ಜೊತೆಗಿರುವ ಬಳಗ ಯಾವುದು, ಆರೈಕೆಯಲ್ಲಿ ನಾವೇನು ಮಾಡಬೇಕು ಎಂಬ ನಾಲ್ಕು ಸಂಗತಿಗಳು. ಚೌಕಟ್ಟು ಒಳ್ಳೆಯದೇ. ಆದರೆ ಅದನ್ನು ಕ್ಲಿಪ್‌ಬೋರ್ಡ್ ಹಿಡಿದು, ಎಂಟು ಮಂಚದ ವಾರ್ಡಿನಲ್ಲಿ, ಎಲ್ಲರಿಗೂ ಕೇಳುವಂತೆ ಶುರುಮಾಡಿದರೆ ಜನಗಣತಿಯವರು ಬಂದಂತಾಗುತ್ತದೆ. “ನೀವು ದೇವರನ್ನು ನಂಬ್ತೀರಾ?” ಎಂಬ ಪ್ರಶ್ನೆ ಇನ್ನೂ ಕೆಟ್ಟದ್ದು. ನಮ್ಮ ಜನಕ್ಕೆ ಅದು ಪರೀಕ್ಷೆಯ ಹಾಗೆ ಕೇಳಿಸುತ್ತದೆ. ಸಿಸ್ಟರಿಗೆ ಯಾವ ಉತ್ತರ ಇಷ್ಟವೋ ಅದನ್ನೇ ಕೊಡುತ್ತಾರೆ.

ಮೈ ಒರೆಸುವಾಗಲೋ, ತಲೆ ಬಾಚುವಾಗಲೋ, ಡ್ರಿಪ್ ಮುಗಿಯುವುದನ್ನು ಕಾಯುವಾಗಲೋ ಕೇಳಿ. ಸಾಧ್ಯವಾದರೆ ಪರದೆ ಎಳೆದುಕೊಳ್ಳಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಇದು: “ಅಜ್ಜೀ, ಮನೇಲಿದ್ದಿದ್ರೆ ಈ ಹೊತ್ತಿಗೆ ಏನು ಮಾಡ್ತಿದ್ರಿ?” ಒಬ್ಬರು ದೀಪ ಹಚ್ಚುತ್ತಿದ್ದೆ ಎನ್ನುತ್ತಾರೆ, ಒಬ್ಬರು ಮಗ್ರಿಬ್ ನಮಾಜು ಎನ್ನುತ್ತಾರೆ, ಒಬ್ಬರು ರೇಡಿಯೊ ಎನ್ನುತ್ತಾರೆ. ಮೂರೂ ಉತ್ತರಗಳೇ. ಮುಂದಿನದ್ದು, “ಇಂಥ ಕಷ್ಟದಲ್ಲಿ ನಿಮಗೆ ಧೈರ್ಯ ತಂದುಕೊಡೋದು ಏನು?” ಆಮೇಲೆ, “ಯಾರನ್ನಾದ್ರೂ ಕರೆಸಬೇಕಾ?” ಕೊನೆಯದಾಗಿ, “ನಾವು ಮಾಡೋದ್ರಲ್ಲಿ ನಿಮಗೆ ಆಗಿಬರದ್ದು ಏನಾದ್ರೂ ಇದ್ಯಾ?” ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಎಷ್ಟೋ ದಿನದಿಂದ ನುಂಗಿಕೊಂಡಿದ್ದ ಸಂಕೋಚ ಹೊರಗೆ ಬರುತ್ತದೆ: ಗಂಡು ಅಟೆಂಡರ್ ಬಟ್ಟೆ ಬದಲಿಸುವುದು, ಮಾಂಸದೂಟ ಬಡಿಸಿದ ತಟ್ಟೆಯಲ್ಲೇ ತನಗೂ ಊಟ ಬರುವುದು, ದೇವರ ಪಟವನ್ನು ಕಾಲ ದಿಕ್ಕಿಗೆ ಇಟ್ಟಿರುವುದು.

ಸಿಕ್ಕ ಉತ್ತರವನ್ನು ನರ್ಸಿಂಗ್ ನೋಟ್ಸಿನಲ್ಲಿ ಒಂದೆರಡು ಸಾಲು ಬರೆದಿಡಿ. ಇಲ್ಲದಿದ್ದರೆ ಪ್ರತಿ ಪಾಳಿಯಲ್ಲೂ ಪಾಪ ಅವರು ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ.

ಆಡಬಾರದ ಸಮಾಧಾನ

“ನಾನೇನು ಪಾಪ ಮಾಡಿದ್ದೆ ಅಂತ ಹೀಗಾಯ್ತು?” ಈ ಪ್ರಶ್ನೆ ಹಿಂದೂಗಳದ್ದು ಮಾತ್ರವಲ್ಲ. ಪೂರ್ವಜನ್ಮದ ಕರ್ಮ ಎನ್ನುವವರಿದ್ದಾರೆ, ಅಲ್ಲಾಹನ ಪರೀಕ್ಷೆ ಎನ್ನುವವರಿದ್ದಾರೆ, ಯೇಸು ನನ್ನ ಕೈಬಿಟ್ಟನೇ ಎಂದು ಕೇಳುವವರಿದ್ದಾರೆ. ಕೇಳಿದವರಿಗೆ ಉತ್ತರ ಕೊಟ್ಟುಬಿಡಬೇಕೆಂದು ನಮ್ಮ ಬಾಯಿ ತುರಿಸುತ್ತದೆ. ಕೊಡಬೇಡಿ. ಅದು ಉತ್ತರಕ್ಕಾಗಿ ಕೇಳಿದ ಪ್ರಶ್ನೆಯೇ ಅಲ್ಲ. ಕರ್ಮ ಅನುಭವಿಸಲೇಬೇಕು ಎಂದರೆ ರೋಗಿಯ ಮೇಲೆ ತಪ್ಪು ಹೊರಿಸಿದಂತಾಯಿತು. ಪಾಪ ಪುಣ್ಯ ಎಲ್ಲ ಸುಳ್ಳು ಎಂದರೆ ಅವರು ಬದುಕಿದ ನಂಬಿಕೆಯನ್ನೇ ಕಿತ್ತುಕೊಂಡಂತಾಯಿತು. “ಈ ಪ್ರಶ್ನೆ ನಿಮ್ಮನ್ನ ಬಹಳ ಕಾಡ್ತಾ ಇದ್ಯಾ? ಯಾವತ್ತಿಂದ?” ಎಂದಷ್ಟೇ ಕೇಳಿ ಸುಮ್ಮನಿರಿ. ಆಗ ನಿಜವಾದ ಮಾತು ಹೊರಡುತ್ತದೆ. ಬಹಳ ಸಲ ಅದು ತತ್ತ್ವದ ಮಾತಾಗಿರುವುದೇ ಇಲ್ಲ. ಅಣ್ಣನ ಜೊತೆ ಮಾತು ಬಿಟ್ಟು ಎಷ್ಟೋ ವರ್ಷವಾಯಿತು ಎಂಬುದಿರುತ್ತದೆ. ಮಗಳ ಮದುವೆಗೆ ಒಪ್ಪದೆ ಹೋದದ್ದಿರುತ್ತದೆ. ಇಲ್ಲವೇ ತೀರಿಸದ ಹರಕೆ.

ಹರಕೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮಗು ಹುಟ್ಟಿದಾಗ ಮಂಜುನಾಥನಿಗೆ ಹೇಳಿಕೊಂಡ ತುಲಾಭಾರ, ಸವದತ್ತಿ ಎಲ್ಲಮ್ಮನಿಗೆ ಹೊತ್ತ ಹರಕೆ, ವೇಲಾಂಕಣ್ಣಿಗೆ ಬರುತ್ತೇನೆಂದ ಮಾತು ಸಾವು ಹತ್ತಿರವಾದಾಗ ಸಾಲಗಾರರ ಹಾಗೆ ಬಂದು ತಲೆದಿಂಬಿನ ಹತ್ತಿರ ನಿಲ್ಲುತ್ತವೆ. ನಿಮಗೆ ಅದರಲ್ಲಿ ನಂಬಿಕೆ ಇರಬೇಕಾಗಿಲ್ಲ. ಮನೆಯವರಿಗೆ ತಿಳಿಸಿ, ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟಿ ರೋಗಿಯ ಕೈಯಲ್ಲಿ ಮುಟ್ಟಿಸಿ ಎತ್ತಿಡುವುದು, ಅವರ ಪರವಾಗಿ ಮಗನೋ ಸೊಸೆಯೋ ಹೋಗಿಬರುವುದು ಇವೆಲ್ಲ ಆಗುವ ಕೆಲಸಗಳು. ರಾತ್ರಿ ನಿದ್ದೆ ಬಾರದವರಿಗೆ ಗುಳಿಗೆಯ ಪ್ರಮಾಣ ಏರಿಸುವ ಮೊದಲು ಇಂಥದ್ದೇನಾದರೂ ಉಳಿದಿದೆಯೇ ಎಂದು ವಿಚಾರಿಸುವುದು ವಾಸಿ.

ಇನ್ನೊಂದು ಮಾತು ನಮ್ಮಲ್ಲಿ ಬಹಳ ಸುಲಭವಾಗಿ ಬರುತ್ತದೆ: “ಎಲ್ಲ ದೇವರೂ ಒಂದೇ ಅಲ್ವಾ?” ಒಳ್ಳೆಯ ಮನಸ್ಸಿನಿಂದಲೇ ಆಡುವ ಮಾತು. ಆದರೆ ಐದು ಹೊತ್ತು ನಮಾಜು ಮಾಡಿದ ಮುದುಕರಿಗೆ, ದಿನವೂ ಇಷ್ಟಲಿಂಗ ಪೂಜೆ ಮಾಡದೆ ನೀರು ಮುಟ್ಟದವರಿಗೆ, ತಮ್ಮ ದೇವರು ಬೇರೆಯೇ. ಆ ಬೇರೆತನವೇ ಅವರ ಆಸರೆ. ನೀವು ಅದನ್ನು ಒಂದೇ ಮಾಡಹೊರಟರೆ ಅವರು ವಿನಯಕ್ಕೆ ಹೂಂಗುಟ್ಟಿ ಮಾತು ನಿಲ್ಲಿಸುತ್ತಾರೆ. “ನಮ್ಮ ಕ್ಷೇತ್ರಕ್ಕೆ ಒಂದ್ಸಲ ಹರಸಿಕೊಂಡು ನೋಡಿ”, “ನಮ್ಮ ಪ್ರಾರ್ಥನೆಗೆ ಬನ್ನಿ, ವಾಸಿಯಾಗುತ್ತೆ” ಎಂಬ ಸಲಹೆಗಳಂತೂ ಸಲ್ಲವೇ ಸಲ್ಲ. ಮಲಗಿರುವವರು ಎದ್ದು ಹೋಗಲಾರರು, ಮುಂದಿನ ಇಂಜೆಕ್ಷನ್ನಿಗೆ ನಿಮ್ಮನ್ನೇ ನೆಚ್ಚಿರುತ್ತಾರೆ. ಬೇಡ ಎನ್ನಲು ಅವರಿಗೆ ಎಲ್ಲಿಯ ಸ್ವಾತಂತ್ರ್ಯ?

ಪ್ರಾರ್ಥನೆ ಮಾಡು ಎಂದರೆ

ಇಂಗ್ಲೆಂಡಿನಲ್ಲಿ 2008ರ ಕೊನೆಯಲ್ಲಿ ಮನೆಗಳಿಗೆ ಹೋಗಿ ಆರೈಕೆ ಮಾಡುತ್ತಿದ್ದ ನರ್ಸ್ ಒಬ್ಬರು ನಿಮಗಾಗಿ ಪ್ರಾರ್ಥಿಸಲೇ ಎಂದು ರೋಗಿಯನ್ನು ಕೇಳಿದರು. ಅಷ್ಟಕ್ಕೇ ಅಮಾನತಾದರು, ದೇಶವೆಲ್ಲ ಚರ್ಚೆಯಾಗಿ 2009ರ ಫೆಬ್ರುವರಿಯಲ್ಲಿ ಕೆಲಸಕ್ಕೆ ಮರಳಲು ಅನುಮತಿ ಸಿಕ್ಕಿತು. ಅಮಾನತು ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ಆದರೂ ಅಲ್ಲಿ ಕೆಲಸಕ್ಕೆ ಹೋಗುವ ನಮ್ಮ ಹುಡುಗಿಯರು ನೆನಪಿಡಬೇಕಾದ ಸಂಗತಿ ಇದೆ: ಮೊದಲ ಹೆಜ್ಜೆ ರೋಗಿಯದ್ದಾಗಿರಲಿ. ಅಲ್ಲಿನ ನರ್ಸಿಂಗ್ ಮಂಡಳಿಯ ಸಂಹಿತೆಯೂ ನಿಮ್ಮ ವೈಯಕ್ತಿಕ ನಂಬಿಕೆಗಳನ್ನು ಸಲ್ಲದ ರೀತಿಯಲ್ಲಿ ರೋಗಿಯ ಮುಂದಿಡಬೇಡಿ ಎನ್ನುತ್ತದೆ.

ರೋಗಿಯೇ ಕೇಳಿದರೆ? “ನನಗೋಸ್ಕರ ಬೇಡ್ಕೊಳ್ಳಮ್ಮ” ಎಂದರೆ ಆಗಲಿ ಎನ್ನಲು ಯಾವ ಅಡ್ಡಿಯೂ ಇಲ್ಲ. ನಿಮ್ಮ ಮನಸ್ಸಿನಲ್ಲಿ ನಿಮ್ಮ ರೀತಿಯಲ್ಲಿ ಬೇಡಿಕೊಳ್ಳಿ. ಅವರ ಪ್ರಾರ್ಥನೆಯನ್ನೇ ಹೇಳಿಕೊಡಬೇಕೆಂದರೆ, ಬರುವುದಾದರೆ, ಮನಸ್ಸು ಒಪ್ಪುವುದಾದರೆ ಹೇಳಿ. ಬಾರದಿದ್ದರೆ ನಟಿಸಬೇಡಿ. “ನನಗೆ ಬರಲ್ಲ ಚಾಚಾ, ನೀವು ಹೇಳಿ, ನಾನು ಪಕ್ಕದಲ್ಲೇ ಕೂತಿರ್ತೀನಿ” ಎಂದರೆ ಸಾಕು. ಕೋವಿಡ್ ಎರಡನೆಯ ಅಲೆಯಲ್ಲಿ, 2021ರ ಮೇ ತಿಂಗಳಲ್ಲಿ, ಕೇರಳದ ಪಾಲಕ್ಕಾಡ್ ಜಿಲ್ಲೆಯ ಆಸ್ಪತ್ರೆಯೊಂದರಲ್ಲಿ ಕೊನೆಯುಸಿರೆಳೆಯುತ್ತಿದ್ದ ಮುಸ್ಲಿಂ ಮಹಿಳೆಯ ಹತ್ತಿರ ಮನೆಯವರು ಬರುವಂತಿರಲಿಲ್ಲ. ಹಿಂದೂ ವೈದ್ಯೆಯೊಬ್ಬರು ಅವರ ಕಿವಿಯಲ್ಲಿ ಕಲಿಮಾ ಹೇಳಿದರು. ಗಲ್ಫಿನಲ್ಲಿ ಬೆಳೆದಿದ್ದರಿಂದ ಅದು ಆ ವೈದ್ಯೆಗೆ ಗೊತ್ತಿತ್ತು. ಪತ್ರಿಕೆಗಳು ಸೌಹಾರ್ದದ ಕಥೆಯಾಗಿ ಬರೆದವು, ಸರಿಯೇ. ಆದರೆ ಎಲ್ಲರೂ ಅದನ್ನೇ ಮಾಡಬೇಕೆಂದು ನಾನು ಹೇಳಲಾರೆ. ಕೆಲವು ಮನೆಯವರಿಗೆ ಅದು ಒಪ್ಪಿಗೆಯಾಗದಿರಬಹುದು. ಮಗನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿ ತಾಯಿಯ ಕಿವಿಯ ಹತ್ತಿರ ಹಿಡಿಯುವುದು ಯಾರು ಬೇಕಾದರೂ ಮಾಡಬಹುದಾದ ಕೆಲಸ. ಸಹಸ್ರನಾಮಕ್ಕೂ ಕುರಾನಿನ ಯಾಸೀನ್‌ಗೂ ಬೈಬಲ್ ಓದಿಗೂ ಫೋನು ಆಗುತ್ತದೆ. ಪಕ್ಕದ ಮಂಚದವರಿಗೆ ತೊಂದರೆಯಾಗದಷ್ಟು ಸದ್ದಿರಲಿ.

ಗುರುಗಳನ್ನು ಕರೆಸುವುದಾದರೆ ತಡಮಾಡಬೇಡಿ. ಕಥೋಲಿಕರಲ್ಲಿ ರೋಗಿಗಳಿಗೆ ಎಣ್ಣೆ ಹಚ್ಚುವ ಸಂಸ್ಕಾರವನ್ನು ಪಾದ್ರಿಗಳಷ್ಟೇ ಮಾಡಬಹುದು. ಪಾದ್ರಿ ಬಂದರೆ ಕಥೆ ಮುಗಿಯಿತು ಎಂಬ ಹೆದರಿಕೆ ಇನ್ನೂ ಇದೆ. 1972ರ ಸುಧಾರಣೆಯ ನಂತರ ಅದು ಸಾಯುವವರಿಗಷ್ಟೇ ಮೀಸಲಲ್ಲ, ಕಾಯಿಲೆ ಗಂಭೀರವಾದವರಿಗೆಲ್ಲ ಸಲ್ಲುತ್ತದೆ. ರೋಗಿಗೆ ಮಾತಾಡುವ ಶಕ್ತಿ ಇರುವಾಗಲೇ ಬಂದರೆ ಪಾಪನಿವೇದನೆಯೂ ಆಗುತ್ತದೆ. ಇದಕ್ಕೆ ವಿರುದ್ಧವಾದ ಸಂಗತಿ ಹಸುಗೂಸಿನದ್ದು. ಕಥೋಲಿಕ ತಂದೆತಾಯಿಯ ಶಿಶು ಸಾವಿನ ಅಂಚಿನಲ್ಲಿದ್ದು ಪಾದ್ರಿ ಬರುವಷ್ಟು ಹೊತ್ತಿಲ್ಲದಿದ್ದರೆ, ಯಾರು ಬೇಕಾದರೂ ನೀರು ಹಾಕಿ ಜ್ಞಾನಸ್ನಾನ ಕೊಡಬಹುದು. ಕೊಡುವವರು ಕ್ರೈಸ್ತರಾಗಿರಬೇಕೆಂದೂ ಇಲ್ಲ. ಚರ್ಚಿನ ಕಾನೂನೇ ಒಪ್ಪುತ್ತದೆ. ಹೇಳಬೇಕಾದ ಮಾತನ್ನು ತಾಯಿತಂದೆಯಿಂದಲೇ ಕೇಳಿ ತಿಳಿಯಿರಿ, ಅವರು ಬಯಸದೆ ಮಾತ್ರ ಮಾಡಬೇಡಿ. ವಾರ್ಡಿನಲ್ಲಿ ಹತ್ತಿರದ ಮಸೀದಿ, ಚರ್ಚು, ಮಠ, ಬಸದಿಯ ಫೋನ್ ನಂಬರುಗಳನ್ನು ಬರೆದಿಟ್ಟುಕೊಂಡರೆ ಮಧ್ಯರಾತ್ರಿ ಪರದಾಡಬೇಕಾಗಿಲ್ಲ.

ಮೈಮೇಲಿನದು, ಬಾಯಿಗೆ ಹೋಗುವುದು

ಆಪರೇಷನ್ನಿಗೆ ಮುಂಚೆ ಜನಿವಾರ, ಮಾಂಗಲ್ಯ, ತಾಯಿತ, ಸಿಖ್ಖರ ಕಡಗ ಎಲ್ಲವನ್ನೂ ಒಂದೇ ಸಮನೆ ಬಿಚ್ಚಿಸಿ ಕವರಿಗೆ ಹಾಕುವುದು ಅಭ್ಯಾಸವಾಗಿಬಿಟ್ಟಿದೆ. ಎಂಆರ್‌ಐ ಕೋಣೆಯೊಳಗೆ ಲೋಹ ಹೋಗಬಾರದು, ಅದರಲ್ಲಿ ರಾಜಿಯಿಲ್ಲ. ಬರಿಯ ಹತ್ತಿಯ ದಾರಕ್ಕೆ ಆ ನೆಪ ಹೇಳಬೇಕಿಲ್ಲ. ದಾರದಲ್ಲಿ ಜರಿಯಿದೆಯೇ, ತಾಯಿತದಲ್ಲಿ ತಗಡಿದೆಯೇ ಎಂದು ನೋಡಿದರಾಯಿತು. ತೆಗೆಯಲೇಬೇಕಾದಾಗ ಕಾರಣ ಹೇಳಿ, ರೋಗಿಯೋ ಮನೆಯವರೋ ತಮ್ಮ ಕೈಯಾರೆ ತೆಗೆಯಲಿ. ಇಷ್ಟಲಿಂಗವನ್ನು ನೀವಾಗಿ ಮುಟ್ಟಬೇಡಿ. ಧರಿಸಿದವರ ಮಟ್ಟಿಗೆ ಅದು ಆಭರಣವಲ್ಲ, ಪ್ರಾಣ. ಅರಿವಳಿಕೆ ಕೊಡುವವರೆಗೆ ಕೈಯಲ್ಲೇ ಇರಲಿ, ಆಮೇಲೆ ಯಾರ ಕೈಗೆ ಕೊಡಬೇಕೆಂದು ಮೊದಲೇ ಮಾತಾಗಿರಲಿ. ಸಿಖ್ಖರ ಕೂದಲು, ಗಡ್ಡವನ್ನು ಕೇಳದೆ ಬೋಳಿಸಬಾರದು.

ಔಷಧದ ವಿಷಯ ಹೆಚ್ಚು ಸೂಕ್ಷ್ಮ, ಏಕೆಂದರೆ ರೋಗಿಗಳು ವಾದ ಮಾಡುವುದಿಲ್ಲ, ಮೆತ್ತಗೆ ಗುಳಿಗೆಯನ್ನು ದಿಂಬಿನಡಿ ಸೇರಿಸುತ್ತಾರೆ. ಸೂರ್ಯ ಮುಳುಗಿದ ಮೇಲೆ ನೀರನ್ನೂ ಕುಡಿಯದ ಜೈನರಿಗೆ ರಾತ್ರಿ ಒಂಬತ್ತರ ಗುಳಿಗೆ ಕೊಟ್ಟರೆ ಆಗುವುದು ಇದೇ. ಹೊತ್ತು ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ರಂಜಾನಿನಲ್ಲಿ ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಕುರಾನಿನಲ್ಲೇ ಇದೆ. ಆದರೆ ಅದನ್ನು ನೀವು ಬೋಧಿಸಹೋದರೆ ಎದುರಿನವರಿಗೆ ಹಿಡಿಸದು. ಇಮಾಮರೋ ಮನೆಯ ಹಿರಿಯರೋ ಹೇಳಲಿ. ನಿಮ್ಮ ಕೆಲಸ, ಸಕ್ಕರೆ ಕಾಯಿಲೆಯವರು ಉಪವಾಸವಿದ್ದಾರೆ ಎಂದು ವೈದ್ಯರಿಗೆ ತಕ್ಷಣ ತಿಳಿಸುವುದು. ಎಷ್ಟೋ ಕ್ಯಾಪ್ಸೂಲುಗಳ ಹೊರಕವಚ ಪ್ರಾಣಿಗಳಿಂದ ತೆಗೆದ ಜೆಲಾಟಿನ್. ರಕ್ತ ಹೆಪ್ಪುಗಟ್ಟದಿರಲು ಕೊಡುವ ಹೆಪಾರಿನ್ ಹೆಚ್ಚಾಗಿ ಬರುವುದು ಹಂದಿಯ ಕರುಳಿನಿಂದ. ಕೇಳಿದರೆ ಮುಚ್ಚಿಡಬೇಡಿ, ಬದಲಿ ಇದೆಯೇ ಎಂದು ವೈದ್ಯರ ಜೊತೆ ಮಾತಾಡಿಸಿ. ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥದವರು ರಕ್ತ ಬೇಡವೆಂದರೆ ಅದು ವಾರ್ಡಿನಲ್ಲಿ ನಿಂತು ಬಗೆಹರಿಸುವ ವಿಷಯವಲ್ಲ, ಕೂಡಲೇ ಹಿರಿಯ ವೈದ್ಯರಿಗೆ ಮುಟ್ಟಿಸಿ. ಜೈನ ವೃದ್ಧರು ಸಲ್ಲೇಖನದ, ಅಂದರೆ ಉಪವಾಸವಿದ್ದು ದೇಹ ಬಿಡುವ ವ್ರತದ, ಮಾತೆತ್ತಿದರೂ ಅಷ್ಟೇ. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಅಪರಾಧವೆಂದಿತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ನಂಬಿಕೆಗೆ ಗೌರವ ಕೊಡುವುದೆಂದರೆ ಎಲ್ಲಕ್ಕೂ ತಲೆಯಾಡಿಸುವುದಲ್ಲ. ಕಾಮಾಲೆಯಾದ ಮಗುವಿಗೆ ಬರೆ ಹಾಕಿಸುತ್ತೇವೆಂದರೆ ಗಟ್ಟಿಯಾಗಿ ಬೇಡವೆನ್ನಿ.

ರೋಗಿ ಮತ್ತು ಮನೆಯವರ ನಂಬಿಕೆ ಬೇರೆ ಬೇರೆಯಾಗಿರುವುದೂ ಉಂಟು. ಜೀವಮಾನವಿಡೀ ದೇವರಿಲ್ಲ ಎಂದು ವಾದಿಸಿದ ಮೇಷ್ಟ್ರ ತಲೆದೆಸೆಯಲ್ಲಿ ಮೊಮ್ಮಕ್ಕಳು ಮಂತ್ರ ಹಾಕಿಡುತ್ತಾರೆ. ಪ್ರಜ್ಞೆಯಿರುವಷ್ಟು ಹೊತ್ತು ರೋಗಿಯ ಮಾತೇ ನಡೆಯಬೇಕು. ನಾಸ್ತಿಕರಿಗೂ ಕೊನೆಯ ಆಸೆಗಳಿರುತ್ತವೆ. ದೇಹದಾನ, ನೇತ್ರದಾನದ ಪತ್ರ ಸರಿಯಿದೆಯೇ ಎಂದು ನೋಡಿಕೊಡುವುದು ಅವರ ಮಟ್ಟಿಗೆ ಆಧ್ಯಾತ್ಮಿಕ ಆರೈಕೆಯೇ. ರಾಜ್‌ಕುಮಾರ್, ಪುನೀತ್ ಕಣ್ಣು ಕೊಟ್ಟ ನಾಡು ಇದು. ಸಾವಾಗಿ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕೆಂಬುದು ನೆನಪಿರಲಿ.

ಕೊನೆಯ ಹೊತ್ತು

ಗಂಗಾಜಲವಾಗಲಿ, ತುಳಸಿ ನೀರಾಗಲಿ, ಮೆಕ್ಕಾದ ಝಂಝಂ ನೀರಾಗಲಿ, ನುಂಗಲಾರದವರ ಬಾಯಿಗೆ ಚಮಚದಲ್ಲಿ ಹಾಕಿದರೆ ಶ್ವಾಸಕೋಶಕ್ಕೆ ಇಳಿಯಬಹುದು. ಬೇಡ ಎನ್ನುವ ಬದಲು ಹತ್ತಿ ಅದ್ದಿ ತುಟಿಗೆ, ನಾಲಗೆಗೆ ಸವರಲು ತೋರಿಸಿಕೊಡಿ. ಆಕ್ಸಿಜನ್ ಇರುವ ಕಡೆ ದೀಪ, ಕರ್ಪೂರ, ಊದುಬತ್ತಿ, ಮೇಣದಬತ್ತಿ ಯಾವುದೂ ಸಲ್ಲದು. ಬ್ಯಾಟರಿಯ ದೀಪ ಸಿಗುತ್ತದೆ. ಬೇಕೆಂದ ದಿಕ್ಕಿಗೆ ಮಂಚ ತಿರುಗಿಸುವುದು ಎರಡು ನಿಮಿಷದ ಕೆಲಸ. ಮುಸ್ಲಿಮರು ನಮಾಜಿಗೆ ಮುಖ ಮಾಡುವ ದಿಕ್ಕು, ಕಿಬ್ಲಾ, ನಮ್ಮ ಕರ್ನಾಟಕದಿಂದ ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿದಂತೆ. ಹಿಂದೂಗಳಲ್ಲಿ ಹಲವರು ತಲೆ ದಕ್ಷಿಣಕ್ಕೆ ಇರಲಿ ಎನ್ನುತ್ತಾರೆ.

ಉಸಿರು ನಿಂತ ಮೇಲೆ ಕೈ ಹಾಕುವ ಮುನ್ನ ಮನೆಯವರನ್ನು ಕೇಳಿ. ಮುಸ್ಲಿಮರಲ್ಲಿ ಗುಸುಲ್ (ಶವಸ್ನಾನ) ಮಾಡಿಸುವವರು ಹೆಂಗಸಿಗೆ ಹೆಂಗಸರು, ಗಂಡಸಿಗೆ ಗಂಡಸರು. ನೀವು ಕಣ್ಣು ಮುಚ್ಚಿಸಿ, ದವಡೆ ಕಟ್ಟಿ, ನಳಿಕೆ ತೆಗೆದು, ಬಟ್ಟೆ ಹೊದಿಸಿದರೆ ಸಾಕು. ಬೈಲಕುಪ್ಪೆ, ಮುಂಡಗೋಡದ ಟಿಬೆಟನ್ನರಲ್ಲಿ ಕೆಲವರು ಸ್ವಲ್ಪ ಹೊತ್ತು ದೇಹವನ್ನು ಮುಟ್ಟಲೇಬೇಡಿ ಎನ್ನುತ್ತಾರೆ. ಲಿಂಗಾಯತರಲ್ಲಿ ಕೂರಿಸಿ ಸಮಾಧಿ ಮಾಡುವ ಪದ್ಧತಿ ಇರುವುದರಿಂದ, ಕೆಲವೇ ಗಂಟೆಗಳಲ್ಲಿ ಮೈ ಸೆಟೆದುಕೊಳ್ಳುವ ಮುನ್ನ ದೇಹ ಕೈಗೆ ಸಿಗಬೇಕೆಂದು ಅವಸರಪಡುತ್ತಾರೆ. ಅದೇ ದಿನ ದಫನ್ ಆಗಲಿ ಎಂಬ ಮುಸ್ಲಿಮರ ಅವಸರವೂ ಅಂಥದ್ದೇ. ಬಿಲ್ಲು, ಮರಣ ಪ್ರಮಾಣದ ಕಾಗದ ಮೊದಲೇ ಸಿದ್ಧವಾಗಿರುವಂತೆ ಆಫೀಸಿನವರಿಗೆ ಹೇಳಿಡಿ. ಅಪಘಾತವೋ ವಿಷವೋ ಆಗಿ ಪೊಲೀಸ್ ಕೇಸಾಗಿದ್ದರೆ ಮರಣೋತ್ತರ ಪರೀಕ್ಷೆ ತಪ್ಪುವುದಿಲ್ಲ. ಅದನ್ನು ಶವಾಗಾರದ ಬಾಗಿಲಲ್ಲಿ ನಿಂತವರಿಗೆ ಕೊನೆಗಳಿಗೆಯಲ್ಲಿ ಹೇಳದೆ, ಏಕೆ, ಎಷ್ಟು ಹೊತ್ತು, ಯಾರ ಸಹಿ ಬೇಕು ಎಂದು ಮನೆಯ ಒಬ್ಬ ಹಿರಿಯರನ್ನು ಪಕ್ಕಕ್ಕೆ ಕರೆದು ಮುಂಚೆಯೇ ತಿಳಿಸಿ.